ವೀರಪ್ಪನವರ ಹಿಂದಿನ ಸೀಟು

ಪುರಸೈವಾಕ್ಕಂನ ವೀರಪ್ಪನವರದು ತಿಪಟೂರಿನ ಕೊಬ್ಬರಿಯನ್ನು ಚೆನ್ನೈಗೆ ತರಿಸಿ ಮಾರುವ ಮನೆತನ. ತಂದೆಯಿಂದ ಅವರಿಗೆ ಕೊತ್ತವಾಲ್ ಚಾವಡಿಯಲ್ಲೊಂದು ಮಂಡಿ ಬಂತು, ಬಿಳಿಯ ಅಂಬಾಸಡರ್ ಕಾರೊಂದು ಬಂತು. ಅವುಗಳ ಜೊತೆಗೆ, ತಕ್ಕಡಿಗೆ ಹಾಕದೆ ಯಾವುದನ್ನೂ ಒಪ್ಪಿಕೊಳ್ಳಬಾರದೆಂಬ ಗುಣವೂ ಬಂತು. ಮಂಡಿ ಈಗ ಸೊರಗಿದೆ, ಕಾರು ಸವೆದಿದೆ. ಗುಣ ಮಾತ್ರ ಒಂದು ಗೀರೂ ಬೀಳದೆ ಉಳಿದುಕೊಂಡಿದೆ.

ಆ ಕಾರಿನ ಮುಂದಿನ ಸೀಟು ವೀರಪ್ಪನವರ ಅಕ್ಕ ಶಿವಗಂಗಮ್ಮನದು. ಗಂಡ ಹೋದ ಮೇಲೆ ಆಕೆ ತಮ್ಮನ ಮನೆಗೆ ಬಂದವರು. ಬಂದ ದಿನವೇ ಮುಂದಿನ ಸೀಟಿನಲ್ಲಿ ಕೂತರು, ಮತ್ತೆ ಬಿಟ್ಟುಕೊಟ್ಟಿರಲಿಲ್ಲ. ಹಿಂದಿನ ಸೀಟು ಹೆಂಡತಿ ಸುಮಿತ್ರಮ್ಮನ ಪಾಲಿಗೆ ಬಂತು. ಹಿಂಚಕ್ರದ ಸ್ಪ್ರಿಂಗಿನ ಕಮಾನು ಪಟ್ಟಿಗಳು ಎಂದೋ ಪ್ರಾಣ ಬಿಟ್ಟಿದ್ದವು, ಶಾಕ್ ಅಬ್ಸಾರ್ಬರುಗಳು ಹೆಸರಿಗಷ್ಟೇ ಇದ್ದವು. ರಸ್ತೆಯ ಹಳ್ಳ ಮೊದಲು ಚಕ್ರಕ್ಕೆ ತಗಲುತ್ತಿತ್ತು, ಮರುಗಳಿಗೆಗೆ ಸುಮಿತ್ರಮ್ಮನ ಬೆನ್ನಿಗೆ. ನಡುವೆ ತಡೆಯುವವರು ಯಾರೂ ಇರಲಿಲ್ಲ. ಅವರು ಮಡಿಸಿದ ಕಂಬಳಿಯೊಂದನ್ನು ಕೆಳಗೆ ಹಾಕಿಕೊಂಡು, ‘ಶಿವ ಶಿವ’ ಎನ್ನುತ್ತ ಅರ್ಧ ಆಯುಷ್ಯ ಕಳೆದರು. ಹಿಂದಿನಿಂದ ಬರುವ ಈ ‘ಶಿವ ಶಿವ’ವನ್ನು ವೀರಪ್ಪನವರು ಭಕ್ತಿಯೆಂದೇ ತಿಳಿದಿದ್ದರು.

ಹೋದ ವರ್ಷ ಸುಮಿತ್ರಮ್ಮನ ಬೆನ್ನಿನ ಡಿಸ್ಕ್ ಜಾರಿತು. ಡಾಕ್ಟರು ಕುಲುಕಾಟ ಕೂಡದೆಂದರು. ಮಗಳು ತೇಜಶ್ರೀ ಶೋಳಿಂಗನಲ್ಲೂರಿನಲ್ಲಿ ಹೊಸ ಫ್ಲಾಟು ಕೊಂಡದ್ದೂ ಅದೇ ವರ್ಷ. ಗೃಹಪ್ರವೇಶಕ್ಕೆ ಎಲ್ಲರೂ ಹೋದರು, ತಾಯಿ ಮಾತ್ರ ಹಾಸಿಗೆಯಲ್ಲಿದ್ದರು. ಆಮೇಲೆ ಎದ್ದು ಓಡಾಡುವಂತಾದರೂ ಮಗಳ ಮನೆಯನ್ನು ಅವರು ನೋಡಿದ್ದು ಫೋನಿನಲ್ಲಷ್ಟೆ.

"ರೀ, ಆ ಗಾಡಿಗೆ ಒಂದು ಒಳ್ಳೇ ಸ್ಪ್ರಿಂಗ್ ಹಾಕ್ಸಿಬಿಡಿ. ಒಂದ್ ಸಲ ಹೋಗಿ ಅವಳ ಮನೆ ಕಣ್ಣಾರೆ ನೋಡ್ಕೊಂಡ್ ಬಂದ್ಬಿಡ್ತೀನಿ," ಎನ್ನುತ್ತಿದ್ದರು ಸುಮಿತ್ರಮ್ಮ.

"ಹಾಕ್ಸೋಣ, ಹಾಕ್ಸೋಣ. ಲಾಭ ನಷ್ಟ ನೋಡ್ದೆ ಹೆಂಗೆ ಕೈ ಹಾಕೋದು?"

"ಹಂಗಾದ್ರೆ ಟ್ಯಾಕ್ಸೀಲಿ ಕಳಿಸಿ."

"ಮನೆ ಮುಂದೆ ಸ್ವಂತ ಕಾರ್ ನಿಲ್ಲಿಸ್ಕೊಂಡು ಟ್ಯಾಕ್ಸೀಲಿ ಹೋಗೋದಾ? ನೋಡ್ದೋರು ಏನಂತಾರೆ?"

ಲಾಭ ನಷ್ಟ ನೋಡುವ ಕೆಲಸಕ್ಕೆ ಕೆಳಗಿನ ಮನೆಯ ವಿಶ್ವನಾಥರಿದ್ದರು. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ತಿರಸ್ಕರಿಸಿಯೇ ನಿವೃತ್ತರಾದವರು. ತಿರಸ್ಕರಿಸಲು ಏನೂ ಸಿಗದೆ ಮನೆಯಲ್ಲಿ ಸೊರಗುತ್ತಿದ್ದರು. ವೀರಪ್ಪನವರು ವಿಷಯ ತೆಗೆದದ್ದೇ ತಡ, ಅವರ ಮುಖಕ್ಕೆ ಕಳೆ ಬಂತು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಗ್ಗಿ ನೋಡಿ, ತೀರ್ಪು ಕೊಟ್ಟರು.

"ಗಾಡಿಗಿಂತ ಸ್ಪ್ರಿಂಗ್ ಬೆಲೇನೇ ಜಾಸ್ತಿ ಆಗತ್ತೆ ವೀರಪ್ಪನವರೇ. ಮಾರೋವಾಗ ಒಂದು ಕಾಸೂ ವಾಪಸ್ ಬರಲ್ಲ. ಅದೂ ಅಲ್ದೆ ಇದರಲ್ಲಿ ಫಲಾನುಭವಿ ಒಬ್ಬರೇ. ನಾನಾಗಿದ್ರೆ ಸ್ಯಾಂಕ್ಷನ್ ಮಾಡ್ತಿರಲಿಲ್ಲ."

ಫಲಾನುಭವಿ ಆಗ ಮೇಲಿನ ಮಹಡಿಯಲ್ಲಿ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದರು. ವಿಷಯ ಅಲ್ಲಿಗೆ ಇತ್ಯರ್ಥವಾಯಿತು.

ಹೀಗಿರುವಾಗ ಕೋಡಂಬಾಕ್ಕಂನ ಬಾಡಿಗೆ ಸಭಾಂಗಣದಲ್ಲಿ ಚೆನ್ನೈಯಲ್ಲಿದ್ದ ಅವರ ಸಮಾಜದವರ ಸಂಘದ ಸಭೆ ಸೇರಿತು. ಆ ವರ್ಷದ ಬಸವ ಜಯಂತಿಗೆ ಊರ ಕಡೆಯ ಮಠದ ಸ್ವಾಮಿಗಳು ದಯಮಾಡಿಸುವುದೆಂದು ಗೊತ್ತಾಗಿತ್ತು. ಎಲ್ಲರೂ ಭಕ್ತಿಯಿಂದ ‘ಬುದ್ಧಿಯೋರು’ ಎಂದು ಕರೆಯುವ ಆ ಸ್ವಾಮಿಗಳು ಪಟ್ಟಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ, ಚೆನ್ನೈಗೆ ಇದೇ ಮೊದಲು. ರೈಲಿನಿಂದಿಳಿದ ಅವರನ್ನು ಯಾರ ಕಾರಿನಲ್ಲಿ ಕರೆತರುವುದೆಂಬುದೇ ಪ್ರಶ್ನೆ. ಪ್ರಶ್ನೆಯೆಂದು ಹೇಳುವುದೂ ತಪ್ಪೇ, ಏಕೆಂದರೆ ಟೈಲ್ಸ್ ವ್ಯಾಪಾರಿ ಪ್ರಭುದೇವರು ಆನೆ ಗಾತ್ರದ ಹೊಸ ಕಾರೊಂದನ್ನು ಕೊಂಡು, ಕೀಲಿಕೈಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು ಕೂತಿದ್ದರು.

"ಮಠದಿಂದ ಫೋನ್ ಬಂದಿತ್ತು. ಬುದ್ಧಿಯೋರಿಗೆ ಕುಲುಕಾಟ ಆಗ್ಬಾರ್ದಂತೆ," ಎಂದರು ಪ್ರಭುದೇವರು. "ನನ್ ಗಾಡೀಲಿ ಕೂತ್ರೆ ಮನೇಲಿ ಸೋಫಾ ಮೇಲೆ ಕೂತಂಗೇ."

ಕುಲುಕಾಟ ಎಂಬ ಮಾತು ಬಾಯಿಂದ ಬಾಯಿಗೆ ಹೋಗಿ, ಸಭೆಯ ಕೊನೆಯ ಸಾಲನ್ನು ಮುಟ್ಟುವ ಹೊತ್ತಿಗೆ ಸ್ವಾಮಿಗಳಿಗೆ ಬೆನ್ನುಮೂಳೆಯ ಆಪರೇಷನ್ನೇ ಆಗಿಹೋಗಿತ್ತು. ಹೆಂಗಸರಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಬೆನ್ನು ನೋವೆಂದರೆ ಎಂಥ ಯಾತನೆಯೆಂದು ವೀರಪ್ಪನವರಿಗೆ ಆ ದಿನ ಅರ್ಥವಾಯಿತು.

ಅವರು ಎದ್ದು ನಿಂತರು. "ನಮ್ ತಂದೆ ಕಾಲದಲ್ಲಿ ಹಿರಿಯ ಬುದ್ಧಿಯೋರು ಮದ್ರಾಸಿಗೆ ಬಂದಾಗ ನಮ್ ಅಂಬಾಸಡರ್‌ನಲ್ಲೇ ದಯಮಾಡಿಸಿದ್ದು. ಈ ಪದ್ಧತಿ ಮುರಿಯೋದು ಸರಿಯಲ್ಲ."

"ಅದು ಗಾಡೀನೇನ್ರೀ? ಅದ್ರಲ್ಲಿ ಹಾಲು ತಗೊಂಡೋದ್ರೆ ಬೆಣ್ಣೆ ಆಗಿರುತ್ತೆ!" ಎಂದರು ಪ್ರಭುದೇವರು. ಸಭೆ ನಕ್ಕಿತು.

"ಹೊಸ ಸ್ಪ್ರಿಂಗ್ ಆಗ್ಲೇ ಹಾಕ್ಸ್ತಾ ಇದೀನಿ!" ಎಂದರು ವೀರಪ್ಪನವರು.

ಇದು ಸುಳ್ಳು. ಆದರೆ ಆಡಿದ ಮೇಲೆ ಅದು ಅವರಿಗೇ ನಿಜವೆನಿಸಿತು. ಪದ್ಧತಿ ಎಂಬ ಮಾತಿಗೆ ಹಿರಿಯರು ತಲೆದೂಗಿದರು, ಪ್ರಭುದೇವರು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡರು. ಇಡೀ ವರ್ಷ ತಕ್ಕಡಿಯಲ್ಲಿ ತೂಗಾಡಿದ ಖರ್ಚು ಆ ಒಂದು ನಿಮಿಷದಲ್ಲಿ ಮಂಜೂರಾಯಿತು. ಈ ಸಲ ವಿಶ್ವನಾಥರನ್ನು ಯಾರೂ ಕೇಳಲಿಲ್ಲ.

ಮರುದಿನವೇ ಕಾರು ಪುದುಪೇಟೆಯ ಧನಶೇಖರನ ವರ್ಕ್‌ಶಾಪು ಸೇರಿತು. ಧನಶೇಖರ ತನ್ನ ಕೈಗೆ ಬಂದ ಯಾವ ಗಾಡಿಯನ್ನೂ ಇದ್ದ ಹಾಗೆ ವಾಪಸು ಕೊಟ್ಟವನಲ್ಲ. ಹಳೆಯ ಪಟ್ಟಿಗಳನ್ನು ಕಿತ್ತೆಸೆದು ಕಾಯಿಲ್ ಸ್ಪ್ರಿಂಗು, ಗ್ಯಾಸ್ ತುಂಬಿದ ಶಾಕು ಹಾಕುತ್ತೇನೆ, ಆಮೇಲೆ ಅಂಬಾಸಡರೋ ವಿಮಾನವೋ ನಿಮಗೇ ಗೊತ್ತಾಗುವುದಿಲ್ಲ ಎಂದು ಆಣೆಯಿಟ್ಟ. ಆದರೆ ಸ್ಪ್ರಿಂಗನ್ನು ಆರಿಸಬೇಕಾದರೆ ಕೂರುವವರ ಭಾರ ತಿಳಿಯಬೇಕಲ್ಲ.

"ಪಿನ್ನಾಡಿ ಯಾರು ಸಾರ್ ಉಕ್ಕಾರುವಾಂಗ? ವೆಯಿಟ್ ಎವ್ವಳೋ?" ಎಂದು ಕೇಳಿದ.

ಹಿಂದೆ ಕೂರುವವರು ಸ್ವಾಮಿಗಳು. ಅವರ ತೂಕವೆಷ್ಟು? ಮಠಕ್ಕೆ ಫೋನ್ ಮಾಡಿ, ‘ಬುದ್ಧಿಯೋರು ಎಷ್ಟು ಕೆಜಿ’ ಎಂದು ಕೇಳುವ ಧೈರ್ಯ ಯಾವ ಭಕ್ತನಿಗಿದೆ? ವೀರಪ್ಪನವರು ಯೋಚಿಸುತ್ತ ನಿಂತರು. ತಟ್ಟನೆ ಹೊಳೆಯಿತು. ಹೋದ ಕಾರ್ತಿಕದಲ್ಲಿ ತಿಪಟೂರಿನಲ್ಲಿ ಸ್ವಾಮಿಗಳಿಗೆ ತುಲಾಭಾರ ನಡೆದಿತ್ತು; ತೂಗಿದ್ದು ಕೊಬ್ಬರಿಯಲ್ಲಿ; ಆ ಕೊಬ್ಬರಿ ಹೋಗಿದ್ದು ವೀರಪ್ಪನವರ ಭಾಮೈದನ ಅಂಗಡಿಯಿಂದ. ಎಷ್ಟು ಮೂಟೆಯೆಂಬುದು ಇಡೀ ವ್ಯಾಪಾರಕ್ಕೇ ಗೊತ್ತು. ಮಂಡಿಯವನಿಗೆ ಮೂಟೆಗಿಂತ ನಂಬಿಕಸ್ಥ ಸಾಕ್ಷಿ ಬೇರಿಲ್ಲ. ವೀರಪ್ಪನವರು ಅಲ್ಲಿಯೇ ಲೆಕ್ಕ ಹಾಕಿ ಹೇಳಿದರು.

ಧನಶೇಖರನ ಕೈಯಿಂದ ಸ್ಪ್ಯಾನರ್ ಜಾರಿತು. "ಸಾಮಿಯಾರಾ ಸಾರ್, ಯಾನೈಯಾ?"

"ಆನೆಯಲ್ಲ, ತಪಸ್ಸಿನ ಭಾರ ಕಣಯ್ಯ!" ಎಂದು ವೀರಪ್ಪನವರು ಗದರಿದರು. ಸ್ವಾಮಿಗಳು ತಕ್ಕಡಿಯಲ್ಲಿ ಕೂತದ್ದು ಬೆಳ್ಳಿಯ ಪೀಠದ ಸಮೇತ ಎಂಬುದು ಅವರಿಗೆ ನೆನಪಾಗಲಿಲ್ಲ. ತಟ್ಟೆ ಸಮವಾದ ಮೇಲೂ ಭಕ್ತರೆಲ್ಲ ತಮ್ಮದೂ ಸಲ್ಲಲಿ ಎಂದು ಒಂದೊಂದು ಬೊಗಸೆ ಸುರಿಯುತ್ತಲೇ ಹೋದದ್ದನ್ನು ಭಾಮೈದ ವರ್ಣಿಸಿದ್ದ, ಅದೂ ಲೆಕ್ಕಕ್ಕೆ ಬರಲಿಲ್ಲ. ಧನಶೇಖರ ತಲೆ ಕೆರೆದುಕೊಂಡು, ಸಾಮಾನು ಸಾಗಿಸುವ ಟೆಂಪೋದ ಸ್ಪ್ರಿಂಗು ತಂದು ಕೂರಿಸಿದ.

ಇತ್ತ ಮನೆಯಲ್ಲಿ, ಕಾರು ಸ್ಪ್ರಿಂಗ್ ಹಾಕಿಸಿಕೊಳ್ಳಲು ಹೋಗಿದೆಯೆಂಬ ಸುದ್ದಿ ಕೇಳಿ ಸುಮಿತ್ರಮ್ಮ ಬೀರು ತೆಗೆದರು. ಮಗಳ ಮನೆಗೆಂದೇ ಇಟ್ಟಿದ್ದ ಇಳಕಲ್ ಸೀರೆಯನ್ನು ಹೊರಗಿಟ್ಟರು. ಬೆನ್ನು ಹಿಡಿದುಕೊಂಡೇ ನಿಂತು ಕೊಬ್ಬರಿ ಮಿಠಾಯಿ ಮಾಡಿದರು. ಸಂಜೆ ಗಂಡ ಬಂದಾಗ ತಟ್ಟೆಯಲ್ಲಿ ಎರಡು ತುಂಡು ಇಟ್ಟು ಕೊಟ್ಟು, "ಕೊನೆಗೂ ಮನಸ್ಸು ಮಾಡಿದ್ರಲ್ಲ," ಎಂದರು.

"ಬುದ್ಧಿಯೋರಿಗೆ ಬೆನ್ನು ನೋವಂತೆ ಕಣೇ. ಪಾಪ, ಹೆಂಗ್ ಸಹಿಸ್ಕೊಂಡಿದಾರೋ," ಎಂದರು ವೀರಪ್ಪನವರು ಮಿಠಾಯಿ ಕಚ್ಚುತ್ತ.

ಸುಮಿತ್ರಮ್ಮ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದು, "ಸರಿ, ಬುದ್ಧಿಯೋರು ಬರೋಕ್ ಮುಂಚೆ ನಾನೊಂದ್ ಸಲ ಕೂತು ನೋಡ್ಲಾ? ಹೆಂಗಿದೆ ಅಂತ ಗೊತ್ತಾಗತ್ತೆ," ಎಂದರು. ಉತ್ತರ ಕೊಟ್ಟಿದ್ದು ಶಿವಗಂಗಮ್ಮ.

"ಗುರುಗಳಿಗೆ ಅಂತ ಮಾಡ್ಸಿದ್ದು ಮೀಸಲು ಕಣಮ್ಮ. ನೈವೇದ್ಯಕ್ಕೆ ಮಾಡಿದ್ದನ್ನ ಮೊದ್ಲು ನಾವು ರುಚಿ ನೋಡ್ತೀವಾ?"

ವರ್ಕ್‌ಶಾಪಿನಿಂದ ಕಾರು ಹೊರಬಂದ ದಿನ ಪುದುಪೇಟೆಯ ಜನ ಕೆಲಸ ಬಿಟ್ಟು ನೋಡಿದರು. ಟೆಂಪೋ ಸ್ಪ್ರಿಂಗಿನ ಮೇಲೆ ಹಿಂಭಾಗ ಎತ್ತರಕ್ಕೆ ನಿಂತು, ಮೂತಿ ನೆಲ ನೋಡುತ್ತಿತ್ತು. ಎಗ್ಮೋರಿನ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಇನ್ಸ್‌ಪೆಕ್ಟರು ಕೈ ಅಡ್ಡ ಹಿಡಿದರು.

"ಎನ್ನ ಸಾರ್, ವಂಡಿ ತಲೈಕೀಳಾ ನಿಕ್ಕುದು?"

ಗಾಡಿ ತಲೆಕೆಳಗಾಗಿಲ್ಲ, ಸ್ವಾಮಿಗಳು ಬಂದು ಕೂತರೆ ಸಮವಾಗುತ್ತದೆ ಎಂದು ವೀರಪ್ಪನವರು ತಮಿಳಿನಲ್ಲಿ ವಿವರಿಸಿದರು. ಇನ್ಸ್‌ಪೆಕ್ಟರು ಬಿಸಿಲಿನಲ್ಲಿ ನಿಂತು ದಣಿದಿದ್ದರು. ಸ್ವಾಮಿಯಾರ್ ಬರುವವರೆಗೆ ಹಿಂದೆ ಮೂಟೆ ಹಾಕಿಕೊಂಡು ಓಡಿಸಿ, ದಾರಿ ಬಿಡಿ ಎಂದು ಕೈಮುಗಿದರು. ಸರ್ಕಾರದ ಮಾತನ್ನು ಮೀರಬಾರದೆಂದು ವೀರಪ್ಪನವರು ಮಂಡಿಯಿಂದ ಕೊಬ್ಬರಿ ಮೂಟೆಗಳನ್ನು ತರಿಸಿ ಡಿಕ್ಕಿಗೆ ಹಾಕಿಸಿದರು. ಕಾರು ಸಮವಾಯಿತು. ಓಡಿಸಿದರೆ ನೀರಿನ ಮೇಲೆ ಹೋದಂತೆ ಹೋಯಿತು. ಸ್ವಾಮಿಗಳು ಬರುವ ದಿನ ಬೆಳಿಗ್ಗೆ, ಇನ್ನು ಈ ಭಾರವೇಕೆಂದು ಮೂಟೆಗಳನ್ನೆಲ್ಲ ಇಳಿಸಿಬಿಟ್ಟರು.

ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದವರನ್ನು ಕಂಡು ವೀರಪ್ಪನವರು ಮನಸ್ಸಿನಲ್ಲೇ ಮೂಟೆಗಳ ಲೆಕ್ಕವನ್ನು ಮತ್ತೊಮ್ಮೆ ಹಾಕಿದರು. ಸ್ವಾಮಿಗಳು ಸಣಕಲು ದೇಹದ ಯುವಕ. ಕಾವಿಯನ್ನು ತೆಗೆದಿಟ್ಟರೆ ಒಳಗೆ ಯಾರಾದರೂ ಉಳಿಯುತ್ತಾರೋ ಇಲ್ಲವೋ ಎಂಬಂತಿದ್ದರು.

"ಬುದ್ಧಿ, ತಮ್ಮದು... ಉಪವಾಸವೇನಾದರೂ..." ಎಂದು ತೊದಲಿದರು.

"ಇಲ್ಲವಲ್ಲ, ರೈಲಿನಲ್ಲಿ ಇಡ್ಲಿ ತಿಂದೆವು," ಎಂದರು ಸ್ವಾಮಿಗಳು ನಗುತ್ತ.

ಹಿಂದಿನ ಸೀಟಿನಲ್ಲಿ ಸ್ವಾಮಿಗಳು ಕೂತರು. ಕಾರಿಗೆ ಅದು ಗೊತ್ತೇ ಆಗಲಿಲ್ಲ. ಸ್ಟೇಷನ್ನಿನ ಹೊರಗಿನ ಮೊದಲ ಉಬ್ಬಿನಲ್ಲಿ ಟೆಂಪೋ ಸ್ಪ್ರಿಂಗು ತನ್ನ ಶಕ್ತಿ ತೋರಿಸಿತು. ಸ್ವಾಮಿಗಳು ಎದ್ದು ತಗಡಿನ ಚಾವಣಿಯನ್ನು ಮುಟ್ಟಿ ಬಂದರು. ಎರಡನೆಯ ಉಬ್ಬಿಗೆ ಮುಂದೆ ಕೂತಿದ್ದ ಶಿಷ್ಯ ಕಿರುಚಿದ. ಹಿಂದೆ ಹೊಸ ಕಾರಿನಲ್ಲಿ ಬರುತ್ತಿದ್ದ ಪ್ರಭುದೇವರು ಹಾರ್ನ್ ಹೊಡೆದು, ಕಿಟಕಿಯಿಂದ ಕೈ ಹೊರಹಾಕಿ ಸ್ವಾಮಿಗಳನ್ನು ತಮ್ಮ ಕಡೆಗೆ ಕರೆಯತೊಡಗಿದರು. ವೀರಪ್ಪನವರು ಬೆವರಿನಲ್ಲಿ ತೊಯ್ದುಹೋದರು.

"ವೀರಪ್ಪನವರೇ, ಈ ಗಾಡಿಯಲ್ಲಿ ದಿನಾ ಇಲ್ಲಿ ಯಾರು ಕೂರುತ್ತಾರೆ?" ಎಂದು ಸ್ವಾಮಿಗಳು ನೆತ್ತಿ ಸವರಿಕೊಳ್ಳುತ್ತ ಕೇಳಿದರು.

"ನಮ್ಮನೆಯವರು ಬುದ್ಧಿ."

"ಪಾಪ," ಎಂದರು ಸ್ವಾಮಿಗಳು.

ಮೂವತ್ತು ವರ್ಷದಲ್ಲಿ ಆ ಸೀಟಿನ ಬಗ್ಗೆ ಒಬ್ಬರು ಆಡಿದ ಸತ್ಯ ಇದೊಂದೇ. ವೀರಪ್ಪನವರ ಕಿವಿ ಆಗ ಪ್ರಭುದೇವರ ಹಾರ್ನಿನ ಕಡೆಗಿತ್ತು. ಅವರು ಸಟ್ಟನೆ ಕಾರನ್ನು ಕೊತ್ತವಾಲ್ ಚಾವಡಿಯ ಕಡೆಗೆ ತಿರುಗಿಸಿ, ಮಂಡಿಯ ಮುಂದೆ ನಿಲ್ಲಿಸಿ, ಇಳಿಸಿದ್ದ ಮೂಟೆಗಳನ್ನೆಲ್ಲ ಮತ್ತೆ ಡಿಕ್ಕಿಗೆ ಹೇರಿಸಿದರು. ದಾರಿ ತಪ್ಪಿದ್ದನ್ನು ಕಂಡು ಕಂಗಾಲಾದ ಸಂಘದವರಿಗೆ, ಬುದ್ಧಿಯೋರು ಮಂಡಿಗೆ ಪಾದವಿಡಬೇಕೆಂದು ಅಪ್ಪಣೆ ಮಾಡಿದರೆಂದು ಹೇಳಿದರು.

ಅಲ್ಲಿಂದ ಮುಂದೆ ಕಾರು ತೇಲಿತು. ಮೌಂಟ್ ರೋಡಿನ ಬಿಸಿಲು, ಕೊಬ್ಬರಿಯ ಘಮ, ರೈಲಿನಲ್ಲಿ ರಾತ್ರಿಯೆಲ್ಲ ಪಕ್ಕದವರ ಗೊರಕೆ ಕೇಳಿದ ಆಯಾಸ, ಎಲ್ಲ ಸೇರಿ ಸ್ವಾಮಿಗಳ ಕಣ್ಣು ಮುಚ್ಚಿತು. ಕೋಡಂಬಾಕ್ಕಂನಲ್ಲಿ ಪೂರ್ಣಕುಂಭ ಹಿಡಿದು ನಿಂತವರು ಬಾಗಿಲು ತೆಗೆದಾಗ ಅವರು ನೆಟ್ಟಗೆ ಕೂತು, ಕೈಗಳನ್ನು ಮಡಿಲಲ್ಲಿಟ್ಟು, ಸೊಗಸಾಗಿ ನಿದ್ದೆ ಮಾಡುತ್ತಿದ್ದರು.

"ಸದ್ದು! ಬುದ್ಧಿಯೋರು ಶಿವಯೋಗದಲ್ಲಿದಾರೆ!" ಎಂದು ಯಾರೋ ಪಿಸುಗುಟ್ಟಿದರು.

ಓಲಗದವರು ಓಲಗ ನಿಲ್ಲಿಸಿದರು. ಏಪ್ರಿಲ್ ಬಿಸಿಲಿನಲ್ಲಿ ಇಡೀ ಸಮಾಜ ಬರಿಗಾಲಲ್ಲಿ ಕೈಮುಗಿದು ನಿಂತಿತು. ಕಾಲು ಸುಟ್ಟವರು ಒಂದು ಕಾಲೆತ್ತಿ ಇನ್ನೊಂದರ ಮೇಲೆ ನಿಂತರು. ಅದೂ ಒಂದು ಬಗೆಯ ತಪಸ್ಸಿನಂತೆಯೇ ಕಂಡಿತು. ಕೊನೆಗೆ ಸ್ವಾಮಿಗಳಿಗೆ ಎಚ್ಚರವಾಯಿತು. ಗಾಬರಿಯಾಗಿ, "ಕ್ಷಮಿಸಿ, ನಿದ್ದೆ ಬಂದುಬಿಟ್ಟಿತು. ಕುಲುಕಿದರೆ ನನಗೆ ವಾಂತಿಯಾಗುತ್ತದೆ, ಇಂದು ಹಾಗೇನೂ ಆಗಲಿಲ್ಲ," ಎಂದರು.

"ಎಂಥಾ ವಿನಯ!" ಎಂದು ಸಮಾಜ ಉದ್ಗರಿಸಿತು.

ಎಲ್ಲರಿಗಿಂತ ಮೊದಲು ಆ ಸೀಟಿಗೆ ಅಡ್ಡಬಿದ್ದವರು ಪ್ರಭುದೇವರು. ತಮ್ಮ ಸೋಲನ್ನು ಅವರು ಬಹಳ ಬೇಗ ಭಕ್ತಿಯಾಗಿ ಮಾಡಿಕೊಂಡರು. "ಗುರುಗಳು ಶಿವಯೋಗಕ್ಕೆ ಕೂತ ಜಾಗ ಅಂದ್ರೆ ಗದ್ದುಗೆ. ಇನ್ಮೇಲೆ ಇದ್ರ ಮೇಲೆ ಯಾರೂ ಕೂರೋ ಹಂಗಿಲ್ಲ," ಎಂದು ಅಲ್ಲಿಯೇ ಸಾರಿ, ತಮ್ಮ ಹೆಗಲ ಶಾಲನ್ನೇ ತೆಗೆದು ಸೀಟಿಗೆ ಹೊದಿಸಿದರು. ವೀರಪ್ಪನವರ ಕಣ್ಣಲ್ಲಿ ಆನಂದದ ನೀರು ಬಂತು. ಒಬ್ಬ ಟೈಲ್ಸ್ ವ್ಯಾಪಾರಿ ತಮ್ಮ ಕಾರನ್ನು ತಮ್ಮಿಂದಲೇ ಕಿತ್ತುಕೊಂಡನೆಂದು ತಿಳಿಯುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಸ್ವಾಮಿಗಳು ಊರಿಗೆ ಮರಳಿದರು. ಪುರಸೈವಾಕ್ಕಂಗೆ ಜನ ಬರತೊಡಗಿದರು. ಕಾರಿನ ಹಿಂಬಾಗಿಲು ತೆಗೆದು, ಹೂವಿಟ್ಟು, ಊದುಬತ್ತಿ ಹಚ್ಚಿ, ಶಾಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. ಕೆಳಗಿನ ಮನೆಯ ವಿಶ್ವನಾಥರು ತಮ್ಮ ಹಳೆಯ ತೀರ್ಪನ್ನು ಪುನರ್ವಿಮರ್ಶೆ ಮಾಡಿದರು. "ಈಗ ಲೆಕ್ಕಾಚಾರ ಬೇರೆ. ಫಲಾನುಭವಿಗಳು ಇಡೀ ಸಮಾಜ. ಒಳ್ಳೇ ಹೂಡಿಕೆ!" ಎಂದರು. ಡಿಕ್ಕಿಯಲ್ಲಿದ್ದ ಮೂಟೆಗಳೂ ಪಾವನವಾಗಿದ್ದರಿಂದ ಅವನ್ನು ಇಳಿಸಿ ಮಾರುವಂತಿರಲಿಲ್ಲ. ಅವು ಅಲ್ಲಿಯೇ ಎಣ್ಣೆ ಬಿಡುತ್ತ ಕೂತವು.

ಒಂದು ವಾರದ ಮೇಲೆ, ಅಕ್ಕ ತಮ್ಮ ಇಬ್ಬರೂ ಊಟಕ್ಕೆ ಕೂತಾಗ ಸುಮಿತ್ರಮ್ಮ ಕೇಳಿದರು.

"ಅತ್ತಿಗೆ, ಗುರುಗಳು ಮುಟ್ಟಿದ್ದು ಪ್ರಸಾದ ಅಲ್ವಾ? ಪ್ರಸಾದ ಅಂದ್ಮೇಲೆ ಎಲ್ಲಾರ್ಗೂ ಸಲ್ಬೇಕಲ್ವಾ?"

"ತಿನ್ನೋದು ಪ್ರಸಾದ ಕಣಮ್ಮ. ಕೂರೋದು ಗದ್ದುಗೆ."

"ಮುಂದಿನ ಸೀಟಲ್ಲಿ ಕೂತ್ಕೊಂಡ್ರೆ?"

"ಗದ್ದುಗೆಗೆ ಬೆನ್ನು ತೋರ್ಸಿ ಕೂರೋದಾ? ನಾನೇ ಬಿಟ್ಟಿದೀನಿ."

"ಇವರು ಬೆನ್ನು ತೋರ್ಸೇ ಅಲ್ವಾ ಓಡ್ಸೋದು?"

"ಅವನು ಸೇವೆ ಮಾಡ್ತಿರೋನು. ಸೇವಕರಿಗೆ ದೋಷ ಇಲ್ಲ," ಎಂದರು ಶಿವಗಂಗಮ್ಮ, ಇನ್ನೊಂದು ತುತ್ತು ಬಾಯಿಗಿಡುತ್ತ. ವೀರಪ್ಪನವರು ಸಾರು ಹಾಕೆಂದು ತಟ್ಟೆ ಮುಂದೆ ಚಾಚಿದರು. ಸುಮಿತ್ರಮ್ಮ ಬಗ್ಗಿ ಸಾರು ಹಾಕಿದರು.

ಅಷ್ಟರಲ್ಲಿ ಶೋಳಿಂಗನಲ್ಲೂರಿನಿಂದ ಬುಲಾವು ಬಂತು. ತೇಜಶ್ರೀಯ ಅತ್ತೆಗೆ ಗದ್ದುಗೆ ತಮ್ಮ ಅಪಾರ್ಟ್‌ಮೆಂಟಿಗೂ ಬರಲೆಂದು ಆಸೆ. ಸೋಮವಾರ ಪೂಜೆ, ಜೊತೆಗೆ ಅಮ್ಮನೂ ಬರಲೇಬೇಕೆಂದು ತೇಜಶ್ರೀ ಹಟ ಹಿಡಿದಳು. ಸುಮಿತ್ರಮ್ಮ ಇಳಕಲ್ ಸೀರೆ ಉಟ್ಟರು. ಈ ಸಲ ಟ್ಯಾಕ್ಸಿಗೆ ವೀರಪ್ಪನವರೇ ಒಪ್ಪಿದರು, ಏಕೆಂದರೆ ಸ್ವಂತ ಕಾರು ಗದ್ದುಗೆಯಾದವರನ್ನು ಯಾರೂ ಆಡಿಕೊಳ್ಳುವುದಿಲ್ಲ. ಆದರೆ ಬುಕ್ ಮಾಡಿದ ಟ್ಯಾಕ್ಸಿಯವನು ಬರುತ್ತೇನೆಂದು ಹೇಳಿ ಬರಲಿಲ್ಲ, ಇನ್ನೊಬ್ಬ ಶೋಳಿಂಗನಲ್ಲೂರ್ ಎಂದ ಕೂಡಲೇ ರದ್ದು ಮಾಡಿದ. ಪೂಜೆಯ ಮುಹೂರ್ತ ಮೀರುತ್ತಿತ್ತು. ವೀರಪ್ಪನವರು ಬೀದಿಗೆ ಹೋಗಿ ಒಂದು ಆಟೋ ನಿಲ್ಲಿಸಿದರು.

"ನೀವೂ ಬನ್ನಿ ಅತ್ತಿಗೆ," ಎಂದರು ಸುಮಿತ್ರಮ್ಮ.

"ಆಟೋದಲ್ಲಾ? ನನ್ ಕೈಲಾಗಲ್ಲಪ್ಪ, ಮೈಯೆಲ್ಲಾ ಕುಲುಕತ್ತೆ," ಎಂದರು ಶಿವಗಂಗಮ್ಮ.

ಆಟೋ ಮುಂದೆ, ಗದ್ದುಗೆ ಹಿಂದೆ ಹೊರಟಿತು. ಅಡಯಾರು ದಾಟುವವರೆಗೆ ವೀರಪ್ಪನವರು ಹೆಮ್ಮೆಯಲ್ಲಿಯೇ ಇದ್ದರು. ಐಟಿ ಕಂಪನಿಗಳ ರಸ್ತೆ ಶುರುವಾಯಿತು. ಮೆಟ್ರೋಗೆಂದು ರಸ್ತೆಯನ್ನು ಅಗೆದು, ಮುಚ್ಚಿ, ಮತ್ತೆ ಅಗೆದಿದ್ದರು. ಮುಂದೆ ಆಟೋ ಹಳ್ಳಕ್ಕೆ ಬಿದ್ದು ನೆಗೆಯಿತು. ಆಟೋದ ಹಿಂದಿನ ಪುಟ್ಟ ಗಾಜಿನಲ್ಲಿ ಸುಮಿತ್ರಮ್ಮನ ನರೆತ ತಲೆ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು. ಪಕ್ಕದಿಂದ ಒಂದು ಕೈ ಹೊರಬಂದು ಕಂಬಿಯನ್ನು ಬಿಗಿಯಾಗಿ ಹಿಡಿಯಿತು. ಮರುಗಳಿಗೆಗೆ ಅದೇ ಹಳ್ಳ ಅಂಬಾಸಡರಿಗೆ ಸಿಕ್ಕಿತು. ಕಾರು ಮೆಲ್ಲಗೆ ತಗ್ಗಿ, ಮೆಲ್ಲಗೆ ಎದ್ದು, ಮುಂದೆ ಸಾಗಿತು. ಕನ್ನಡಿಯಲ್ಲಿ ನೋಡಿದರೆ ಖಾಲಿ ಸೀಟಿನ ಮೇಲಿಟ್ಟ ಹೂವು ಕೂಡ ಅಲುಗಿರಲಿಲ್ಲ.

ಇನ್ನೊಂದು ಹಳ್ಳ. ಆಟೋ ನೆಗೆಯಿತು, ತಲೆ ಮೇಲಕ್ಕೆ ಹೋಯಿತು, ಕೈ ಬಿಗಿಯಿತು. ಹೂವು ಅಲುಗಲಿಲ್ಲ. ಮತ್ತೆ ಇನ್ನೊಂದು. ವೀರಪ್ಪನವರಿಗೆ ‘ಶಿವ ಶಿವ’ ಎಂದದ್ದು ಕೇಳಿದಂತಾಯಿತು. ಆದರೆ ಕಾರಿನ ಗಾಜು ಮುಚ್ಚಿತ್ತು, ಕೇಳಿಸುವ ಸಂಭವವಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ತುಂಬಾ ನಾಚಿಕೆಯಾಯಿತು. ಆಟೋವನ್ನು ನಿಲ್ಲಿಸಿ, ಅವಳನ್ನು ಇಳಿಸಿ, ಶಾಲನ್ನು ಸರಿಸಿ ಕೂರಿಸಿಬಿಡೋಣ ಎನಿಸಿತು. ಹಾರ್ನ್ ಮೇಲೆ ಕೈಯಿಟ್ಟರು. ಆಗ ಪಕ್ಕಕ್ಕೆ ಒಂದು ದೊಡ್ಡ ಕಾರು ಬಂತು. ಪೂಜೆಗೆ ಹೊರಟಿದ್ದ ಪ್ರಭುದೇವರು ಒಳಗಿನಿಂದಲೇ ಗದ್ದುಗೆಗೆ ಕೈಮುಗಿದು, ವೀರಪ್ಪನವರಿಗೆ ತಲೆಯಾಡಿಸಿ, ಪಕ್ಕದಲ್ಲಿಯೇ ಬರತೊಡಗಿದರು. ವೀರಪ್ಪನವರು ಹಾರ್ನಿನಿಂದ ಕೈ ತೆಗೆದರು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಬೀಗಿತ್ತಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಜನ ಕಾರನ್ನು ಸುತ್ತುಗಟ್ಟಿದರು. ಪೂಜೆ ಮುಗಿಯುವವರೆಗೆ ಸೇವಕ ಇಳಿಯಬಾರದೆಂದು ಪ್ರಭುದೇವರು ಅಪ್ಪಣೆ ಮಾಡಿದ್ದರಿಂದ ವೀರಪ್ಪನವರು ಸ್ಟೀರಿಂಗ್ ಹಿಡಿದು ಕೂತರು. ಜನರ ಸಂದಿಯಲ್ಲಿ ಆಟೋ ಕಾಣುತ್ತಿತ್ತು. ಸುಮಿತ್ರಮ್ಮನಿಗೆ ಇಳಿಯಲಾಗಲಿಲ್ಲ. ಆಟೋದವನು ಒಂದು ತೋಳು ಹಿಡಿದ, ಓಡಿಬಂದ ತೇಜಶ್ರೀ ಇನ್ನೊಂದು ತೋಳು ಹಿಡಿದಳು. ಇಬ್ಬರೂ ಸೇರಿ ಅವರನ್ನು ಅರ್ಧ ಎತ್ತಿಕೊಂಡೇ ಲಿಫ್ಟಿನೊಳಗೆ ಕರೆದೊಯ್ದರು.

ಮಂಗಳಾರತಿಯಾದ ಮೇಲೆ ವೀರಪ್ಪನವರು ಮೇಲೆ ಹೋದರು. ಕೋಣೆಯ ಬಾಗಿಲಿಗೆ ತೇಜಶ್ರೀ ಅಡ್ಡ ನಿಂತಿದ್ದಳು. ಸುಮಿತ್ರಮ್ಮ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅಷ್ಟು ಆಸೆಪಟ್ಟು ನೋಡಬಂದ ಮನೆಯಲ್ಲಿ ಅವರಿಗೆ ಈಗ ಕಾಣುತ್ತಿದ್ದದ್ದು ಒಂದು ಗೋಡೆ.

"ಹೊರಡೋಣ್ವಾ? ವಾಪಸ್ ಹೋಗಕ್ಕೆ ಬೇರೆ ಆಟೋ ಹೇಳ್ಲಾ?" ಎಂದರು ವೀರಪ್ಪನವರು.

"ಪೋದುಂ ಅಪ್ಪಾ! ಸಾಕು!" ಎಂದಳು ತೇಜಶ್ರೀ. "ಅಮ್ಮ ಇಂಗೇದಾ ಇರುಪ್ಪಾಂಗ, ಇಲ್ಲೇ ಇರ್ತಾರೆ. ನೀವು ಹೋಗಿ."

"ಸುಮಿತ್ರಾ?"

"ನಾನು ಬರಲ್ಲ ಕಣ್ರೀ," ಎಂದರು ಸುಮಿತ್ರಮ್ಮ ತಿರುಗದೆಯೇ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು. "ನೀವು ಹುಷಾರಾಗಿ ಹೋಗಿ."

ವೀರಪ್ಪನವರು ಇಳಿದು ಬಂದರು. ಶಾಲಿನ ಮೇಲೆ ಇನ್ನಷ್ಟು ಹೂವು ಬಿದ್ದಿತ್ತು. ಸಂಜೆಯ ಆಫೀಸು ಬಸ್ಸುಗಳ ನಡುವೆ ಅದೇ ರಸ್ತೆಯಲ್ಲಿ, ಅದೇ ಹಳ್ಳಗಳ ಮೇಲೆ, ತೇಲುತ್ತ ಮನೆಗೆ ಬಂದರು.

ಶಿವಗಂಗಮ್ಮ ಗೇಟಿನಲ್ಲಿಯೇ ಕಾಯುತ್ತಿದ್ದರು. "ಗದ್ದುಗೆಗೆ ಏನೂ ಆಗ್ಲಿಲ್ಲ ತಾನೆ?" ಎಂದು ಕೇಳಿದರು.

"ಇಲ್ಲ ಅಕ್ಕ."

"ದಾರೀಲಿ ಕುಲುಕ್ತಾ?"

"ಒಂಚೂರೂ ಇಲ್ಲ."

ಆಕೆ ಹಿಂಬಾಗಿಲು ತೆಗೆದು, ಸೀಟಿಗೆ ಕರ್ಪೂರ ಬೆಳಗಿ, ಒಳಗೆ ಹೋದರು. ವೀರಪ್ಪನವರು ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಶಿವಗಂಗಮ್ಮ ಅಡುಗೆಮನೆಯಿಂದ ಹೊರಗೆ ಬಂದರು.

"ಲೋ ವೀರ, ಸುಮಿತ್ರ ಎಲ್ಲೋ? ಮುದ್ದೆಗೆ ಎಸರು ಇಟ್ಟಿಲ್ಲ, ಸಾರಿಗೆ ಹುಣಸೆಹಣ್ಣು ನೆನೆಹಾಕಿಲ್ಲ!"

"ಗಾಡೀಲಿ ಜಾಗ ಇರ್ಲಿಲ್ಲ ಅಕ್ಕ," ಎಂದರು ವೀರಪ್ಪನವರು.

ಅದು ನಿಜವೇ ಆಗಿದ್ದರಿಂದ ಶಿವಗಂಗಮ್ಮ ಮುಂದೆ ಏನನ್ನೂ ಕೇಳಲಿಲ್ಲ.